ಎಡಗಡೆಯ ಪೆಡಲ್

ಕಾಫಿ ಕೊಯ್ಲು ಮುಗಿಯುತ್ತ ಬಂದಿದ್ದ ದಿನಗಳಲ್ಲಿ ಯಜಮಾನರ ಫೋನ್ ಬಂತು. ನಾನಾಗ ಬಯಲುಸೀಮೆಯ ಒಂದು ಫ್ಲೈಯಿಂಗ್ ಸ್ಕೂಲಿನ ಹ್ಯಾಂಗರಿನಲ್ಲಿ, ಬಿಚ್ಚಿದ ಸ್ಪಾರ್ಕ್ ಪ್ಲಗ್‌ಗಳನ್ನು ಸಾಲಾಗಿ ಇಟ್ಟುಕೊಂಡು ಒರೆಸುತ್ತ ಕೂತಿದ್ದೆ.

“ಮುಂದಿನ ಚಕ್ರ ಅದುರ್ತಾ ಇದೆ ಮಾರಾಯ,” ಎಂದರು. “ಇಳಿದ ಮೇಲೆ ಇಡೀ ಡ್ಯಾಶ್‌ಬೋರ್ಡೇ ಕುಣಿಯುತ್ತೆ. ನಿನ್ನೆ ನನ್ನ ಕನ್ನಡಕ ಜಾರಿ ತೊಡೆ ಮೇಲೆ ಬಿತ್ತು.”

“ಯಾವಾಗ ಶುರುವಾಗುತ್ತೆ ಸರ್?”

“ಮುಂದಿನ ಚಕ್ರ ನೆಲಕ್ಕೆ ತಾಗಿದ ಕೂಡ್ಲೇ. ಸ್ಪೀಡ್ ಇಳಿದ ಮೇಲೆ ತಾನಾಗೇ ನಿಲ್ಲುತ್ತೆ.”

“ನಾನು ಬರೋ ತನಕ ಹಾರಿಸ್ಬೇಡಿ.”

“ಹಾರ್ಸಲ್ಲ. ನೀನು ಬೇಗ ಬಾ.”

ಯಜಮಾನರೆಂದರೆ ಮೂಡಿಗೆರೆ ಮತ್ತು ಬಣಕಲ್ ನಡುವೆ, ಹೆದ್ದಾರಿಯಿಂದ ಒಳಗೆ ಸ್ವಲ್ಪ ದೂರದಲ್ಲಿರುವ ಒಂದು ಕಾಫಿ ಎಸ್ಟೇಟಿನ ಮಾಲೀಕರು. ವಯಸ್ಸು ಅರವತ್ತಾರು. ಮೂವತ್ತು ವರ್ಷದಿಂದ ವಿಮಾನ ಹಾರಿಸುತ್ತಿದ್ದವರು. ಎಸ್ಟೇಟಿನ ಮೇಲುಗಡೆ, ಗುಡ್ಡದ ನೆತ್ತಿಯಲ್ಲಿ, ಹಿಂದೆ ದನ ಮೇಯುತ್ತಿದ್ದ ಉದ್ದನೆಯ ಹುಲ್ಲುಗಾವಲನ್ನು ಸಮ ಮಾಡಿಸಿ, ಜಲ್ಲಿ ಹಾಸಿ ರೋಲರ್ ಹೊಡೆಸಿ ವಿಮಾನ ಇಳಿಯುವ ಸ್ಟ್ರಿಪ್ ಮಾಡಿಕೊಂಡಿದ್ದರು. ಅದರ ಒಂದು ತುದಿಯಲ್ಲಿ ತಗಡಿನ ಶೆಡ್. ಶೆಡ್ಡಿನಲ್ಲಿ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಹಳೆಯ ವಿಮಾನ. ಅದು ನನಗಿಂತ ಮೂರು ವರ್ಷ ದೊಡ್ಡದು. ಹನ್ನೊಂದು ವರ್ಷದಿಂದ ಅದರ ತಪಾಸಣೆ, ರಿಪೇರಿ ನನ್ನ ಪಾಲಿಗಿತ್ತು. ಕೆಲಸ ಮುಗಿದು ಲಾಗ್‌ಬುಕ್ಕಿನಲ್ಲಿ ನನ್ನ ಸಹಿ ಬಿದ್ದ ಮೇಲೆಯೇ ಅದು ಹಾರಬಹುದು, ಅದು ನಿಯಮ.

ಶುಕ್ರವಾರ ರಜೆ ಹಾಕಿ ಜಾವಳಿಯ ಅಕ್ಕನ ಮನೆಗೆ ಬಂದು ಇಳಿದೆ. ಶನಿವಾರ ಬೆಳಿಗ್ಗೆ ಭಾವನ ಬೈಕಿನ ಹಿಂದೆ ಟೂಲ್‌ಬಾಕ್ಸ್ ಕಟ್ಟಿಕೊಂಡು ಸ್ಟ್ರಿಪ್ ಹತ್ತಿದೆ.

ಮುಂದಿನ ಚಕ್ರ ನಡುಗುವುದಕ್ಕೆ ಹಲವು ಕಾರಣಗಳಿರಬಹುದು. ಹಾಗಾಗಿ ಸುಲಭದ್ದರಿಂದ ಶುರು ಮಾಡಬೇಕು. ಟೈರಿನ ಗಾಳಿ ನೋಡಿದೆ, ಸರಿಯಿತ್ತು. ಬಾಲದ ಕೆಳಗಿನ ಕೊಂಡಿಗೆ ಹಗ್ಗ ಕಟ್ಟಿ ಗೊಬ್ಬರದ ಎರಡು ಮೂಟೆ ತೂಗುಬಿಟ್ಟೆ. ಹಿಂದೆ ಭಾರವಾಗಿ ಮೂಗು ಮೇಲೆದ್ದಿತು, ಚಕ್ರ ನೆಲ ಬಿಟ್ಟಿತು. ಚಕ್ರವನ್ನು ತಿರುಗಿಸಿ ಬೇರಿಂಗಿನ ಸದ್ದು ಕೇಳಿದೆ. ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಸ್ವಲ್ಪ ಸಡಿಲ ಕೈಗೆ ತಿಳಿಯಿತು. ಹಳೆಯ ವಿಮಾನದಲ್ಲಿ ಅಷ್ಟು ಇರುವುದೇ.

ಚಕ್ರದ ಕಾಲಿನ ಪಕ್ಕದಲ್ಲಿ ಡ್ಯಾಂಪರ್ ಎಂಬ ಪುಟ್ಟ ಸಿಲಿಂಡರ್ ಇರುತ್ತದೆ. ಒಳಗೆ ಎಣ್ಣೆ ತುಂಬಿರುತ್ತದೆ. ಚಕ್ರ ಪಟಪಟನೆ ಬಡಿದುಕೊಳ್ಳಲು ಹೊರಟರೆ ಆ ಎಣ್ಣೆ ತಡೆಯುತ್ತದೆ. ಅದನ್ನು ಬಿಚ್ಚಿ ಕೈಯಲ್ಲಿ ಎಳೆದು ದೂಡಿ ನೋಡಿದೆ. ನಡುವೆ ಅರ್ಧ ಇಂಚು ಯಾವ ತಡೆಯೂ ಇಲ್ಲದೆ ಓಡಿತು. ಸೀಲ್ ಸವೆದು ಎಣ್ಣೆ ಸೋರಿ, ಒಳಗೆ ಗಾಳಿ ಸೇರಿತ್ತು.

“ಸಿಕ್ತು ಸರ್,” ಎಂದೆ.

ಯಜಮಾನರು ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲೆಲ್ಲ ನಾನು ಕೆಲಸ ಮಾಡುವಾಗ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿಯುತ್ತಿದ್ದ ಮನುಷ್ಯ. “ಮಂಡಿ ನೋವು ಮಾರಾಯ, ಕೂತ್ರೆ ಏಳಕ್ಕಾಗಲ್ಲ,” ಎಂದು ಅವರೇ ಹೇಳಿದ್ದರು. ನಾನು ಆ ಬಗ್ಗೆ ಎರಡನೇ ಸಲ ಯೋಚಿಸಲಿಲ್ಲ.

ಹೊಸ ಸೀಲ್ ಹಾಕಿ, ಎಣ್ಣೆ ತುಂಬಿ, ಗಾಳಿ ಪೂರ್ತಿ ಹೊರಗೆ ಹೋಗುವ ತನಕ ಎಳೆದು ದೂಡಿ ಜೋಡಿಸಿದೆ. ಎಂಜಿನ್ ಶುರು ಮಾಡಿ ನಾನೇ ಕೂತು ಸ್ಟ್ರಿಪ್ಪಿನ ಈ ತುದಿಯಿಂದ ಆ ತುದಿಗೆ ಜೋರಾಗಿ ಓಡಿಸಿದೆ. ಚಕ್ರ ಒಂದಿಷ್ಟೂ ನಡುಗಲಿಲ್ಲ. ಸಹಿ ಹಾಕಿದೆ. ಅಮ್ಮ, ಅಂದರೆ ಯಜಮಾನರ ಹೆಂಡತಿ, ಮನೆಯಿಂದ ಕಡುಬು ಮತ್ತು ಹಸಿಮೆಣಸಿನ ಚಟ್ನಿ ಕಳಿಸಿದ್ದರು. ತಿಂದು ಹೊರಟೆ.

ಒಂದು ತಿಂಗಳಾಗಿರಲಿಲ್ಲ, ಮತ್ತೆ ಫೋನ್ ಬಂತು. “ಮತ್ತೆ ಹಂಗೇ ಅದುರುತ್ತೆ. ಮೊದಲಿಗಿಂತ ಜಾಸ್ತಿ.”

ಎರಡನೇ ಸಲ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಟೈರು. ಒಂದು ಮಗ್ಗುಲು ಉಜ್ಜಿ ಹೋಗಿ ನುಣುಪಾಗಿತ್ತು. ಚಕ್ರ ಬಿಚ್ಚಿ ಹೊಸ ಟೈರ್ ಹಾಕಿ ಬ್ಯಾಲೆನ್ಸ್ ಮಾಡಿದೆ. ಆಮೇಲೆ ಚಕ್ರದ ಕಾಲಿನ ಹಿಂದೆ ಕತ್ತರಿಯ ಹಾಗೆ ಮಡಚಿಕೊಳ್ಳುವ ಎರಡು ಲೋಹದ ಕೈಗಳನ್ನು ಬಿಚ್ಚಿದೆ. ಕಾಲು ಮೇಲೆ ಕೆಳಗೆ ಆಡುವಾಗ ಚಕ್ರ ಸುಮ್ಮನೆ ಸುತ್ತಿಕೊಳ್ಳದಂತೆ ಹಿಡಿಯುವುದು ಅವೇ. ಅವುಗಳ ಕೀಲಿನಲ್ಲಿ ಹಿತ್ತಾಳೆಯ ಬುಷ್‌ಗಳಿರುತ್ತವೆ. ಬುಷ್ಷಿನ ತೂತು ಗುಂಡಗಿರಬೇಕು. ಇಲ್ಲಿ ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಅಳತೆ ತೆಗೆದೆ. ಪುಸ್ತಕದ ಮಿತಿಗಿಂತ ಹೆಚ್ಚು ಸವೆದಿತ್ತು.

ಈ ಮಾದರಿಯ ವಿಮಾನ ಈಗ ಯಾರೂ ತಯಾರಿಸುವುದಿಲ್ಲ. ಬುಷ್ ಹೊರದೇಶದಿಂದ ಬರಬೇಕು, ಜೊತೆಗೆ ಅದರ ಪ್ರಮಾಣಪತ್ರವೂ ಬರಬೇಕು. ಒಂದೂವರೆ ತಿಂಗಳಾದರೂ ಬೇಕು ಎಂದೆ.

“ಚಿಕ್ಕಮಗಳೂರಲ್ಲಿ ನಮ್ಮ ಕಾಫಿ ಪಲ್ಪರ್ ಮೆಷಿನ್ ರಿಪೇರಿ ಮಾಡೋನು ಇದಾನಲ್ಲ, ಅವನ ಲೇಥಲ್ಲಿ ಅರ್ಧ ಗಂಟೆ ಕೆಲ್ಸ ಇದು,” ಎಂದರು ಯಜಮಾನರು.

“ಮಾಡ್ಕೊಡ್ತಾನೆ ಸರ್. ಚೆನ್ನಾಗೂ ಮಾಡ್ಕೊಡ್ತಾನೆ. ಆದ್ರೆ ಅದಕ್ಕೆ ಪೇಪರ್ ಇರಲ್ಲ.”

“ಇಷ್ಟು ಚಿಕ್ಕ ಉಂಗುರಕ್ಕೆ ಪೇಪರ್!”

“ಚಿಕ್ಕ ಉಂಗುರವೇ ಅಲ್ವಾ ಸರ್ ಇಷ್ಟು ಕಾಟ ಕೊಡ್ತಾ ಇರೋದು.”

ಅವರು ನಗಲಿಲ್ಲ. ಸ್ಟ್ರಿಪ್ಪಿನ ಕಡೆ ನೋಡುತ್ತ, “ಮಳೆ ಹಿಡಿಯೋ ಮುಂಚೆ ಆಗ್ಬೇಕು,” ಎಂದರು. ಜೂನಿನಲ್ಲಿ ಮಳೆ ಹಿಡಿದರೆ ಆ ಸ್ಟ್ರಿಪ್ ಮತ್ತೆ ಒಣಗುವುದು ದೀಪಾವಳಿಯ ಹೊತ್ತಿಗೆ. ಪ್ರತಿ ವರ್ಷವೂ ಹಾಗೆಯೇ. ಈ ವರ್ಷ ಅವರಿಗೆ ಯಾಕಿಷ್ಟು ಅವಸರ ಎಂದು ನಾನು ಕೇಳಿಕೊಳ್ಳಬೇಕಿತ್ತು.

ಬುಷ್ ಬರುವ ಹೊತ್ತಿಗೆ ಕಾಫಿ ಹೂ ಅರಳಿ ಉದುರಿ ಆಗಿತ್ತು. ಏಪ್ರಿಲ್ ನಡುವೆ ಹೋಗಿ ಜೋಡಿಸಿದೆ. ಹಳೆಯದನ್ನು ಒತ್ತಿ ತೆಗೆದು, ಹೊಸದನ್ನು ಒತ್ತಿ ಕೂರಿಸಿ, ಒಳಗನ್ನು ರೀಮರಿನಿಂದ ಹೆರೆದು ಅಳತೆಗೆ ತಂದು, ಗ್ರೀಸ್ ತುಂಬಿದೆ. ಇಡೀ ದಿನ ಹಿಡಿಯಿತು. ಮಾರನೆಯ ದಿನ ನಾನೇ ಓಡಿಸಿದೆ. ಹೊಸ ವಿಮಾನದ ಹಾಗೆ ನೆಟ್ಟಗೆ ಓಡಿತು. ಸಹಿ ಹಾಕಿದೆ.

ಮೇ ತಿಂಗಳ ಮೊದಲ ವಾರ ಮೂರನೇ ಫೋನ್ ಬಂತು. ಈ ಸಲ ಯಜಮಾನರ ದನಿಯಲ್ಲಿ ಸಿಟ್ಟಿತ್ತು. “ನಿಂಗೆ ಆಗಲ್ಲ ಅಂದ್ರೆ ಹೇಳ್ಬಿಡು. ಬೇರೆಯವ್ರನ್ನ ಕರೀತೀನಿ.”

ಹನ್ನೊಂದು ವರ್ಷದಲ್ಲಿ ಅವರು ಹಾಗೆ ಮಾತಾಡಿದ್ದು ಅದೇ ಮೊದಲು. ನನಗೂ ಬೇಸರವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಒಂದೇ ದೋಷವನ್ನು ಎರಡು ಸಲ ಸರಿಪಡಿಸಿದ್ದೇನೆಂದು ಸಹಿ ಹಾಕಿದ್ದೆ. ಎರಡು ಸಲವೂ ಅದು ವಾಪಸ್ ಬಂದಿತ್ತು.

ಹೋಗಿ ಬಿಚ್ಚಿದೆ. ಮೂರು ವಾರದ ಹಿಂದೆ ಹಾಕಿದ ಬುಷ್‌ಗಳು ಆಗಲೇ ಸವೆಯಲು ಶುರುವಾಗಿದ್ದವು, ಅದೂ ಒಂದೇ ಮಗ್ಗುಲಿಗೆ. ಹೊಸ ಟೈರಿನಲ್ಲಿಯೂ ಅದೇ ಮಗ್ಗುಲು ಉಜ್ಜಿತ್ತು. ತಾನಾಗಿ ಸವೆಯುವ ವಸ್ತು ಹೀಗೆ ಸವೆಯುವುದಿಲ್ಲ. ಚಕ್ರ ಪ್ರತಿ ಸಲವೂ ಬಲಕ್ಕೆ ತಿರುಗಿಕೊಂಡೇ ನೆಲಕ್ಕೆ ತಾಗುತ್ತಿತ್ತು. ವಿಮಾನ ನೆಟ್ಟಗೆ ಹೋಗುತ್ತಿರುವಾಗ ಚಕ್ರ ಓರೆಯಾಗಿ ನೆಲ ಮುಟ್ಟಿದರೆ ಅದು ಉಜ್ಜಿಕೊಂಡು, ಅದುರಿಕೊಂಡು ನೆಟ್ಟಗಾಗುತ್ತದೆ. ಆ ಹೊಡೆತವೆಲ್ಲ ಬುಷ್‌ಗಳ ಮೇಲೆ.

ಈ ವಿಮಾನದಲ್ಲಿ ಚಾಲಕನ ಕಾಲ ಕೆಳಗೆ ಎರಡು ಪೆಡಲ್‌ಗಳಿವೆ. ಎಡದ್ದು ಒತ್ತಿದರೆ ಮೂಗು ಎಡಕ್ಕೆ, ಬಲದ್ದು ಒತ್ತಿದರೆ ಬಲಕ್ಕೆ. ಪ್ರತಿ ಪೆಡಲಿನಿಂದ ಒಂದು ಉಕ್ಕಿನ ರಾಡ್ ನೇರ ಮುಂದಿನ ಚಕ್ರದ ಕಾಲಿಗೆ ಹೋಗುತ್ತದೆ. ಎರಡು ರಾಡಿನ ಉದ್ದದಲ್ಲಿ ವ್ಯತ್ಯಾಸವಿದ್ದರೆ ಚಕ್ರ ಓರೆಯಾಗಿರುತ್ತದೆ. ಇದೇ ಇರಬೇಕು ಎಂದುಕೊಂಡೆ. ಪೆಡಲ್‌ಗಳನ್ನು ಸಮವಾಗಿ ನಿಲ್ಲಿಸಿ ಹಲಗೆ ಕಟ್ಟಿದೆ, ಮೂಗಿನಿಂದ ಬಾಲಕ್ಕೆ ನೂಲು ಹಿಡಿದು ನೋಡಿದೆ. ಚಕ್ರ ನೂಲಿಗೆ ನೂಲು ನೆಟ್ಟಗಿತ್ತು. ರಾಡಿನ ತುದಿಯ ಕೀಲುಗಳು ಸವೆದಿದ್ದವು. ಅಳೆದರೆ ಮಿತಿಯ ಒಳಗೆ, ಕೂದಲೆಳೆಯಷ್ಟು ಒಳಗೆ.

ಮಧ್ಯಾಹ್ನದವರೆಗೆ ಏನೂ ಸಿಗಲಿಲ್ಲ. ನೀರು ಕುಡಿಯಲು ಹೊರಗೆ ಬಂದೆ. ಸ್ಟ್ರಿಪ್ ನೋಡಿಕೊಳ್ಳುವ ಹೆಂಗಸು ಶೆಡ್ಡಿನ ನೆರಳಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಎಸ್ಟೇಟಿನ ಆಳುಗಳ ಲೈನ್ ಮನೆಯವಳು, ಐವತ್ತರ ಆಸುಪಾಸು. ಹುಲ್ಲು ಕೊಯ್ಯುವುದು, ಕಲ್ಲು ಹೆಕ್ಕುವುದು, ದನ ಓಡಿಸುವುದು ಅವಳ ಕೆಲಸ. ಸ್ಟ್ರಿಪ್ಪಿನ ಆ ತುದಿಯಲ್ಲಿ ಜಲ್ಲಿ ಕಿತ್ತುಬಂದು ಗುಂಡಿಯಾಗಿತ್ತು.

“ಅಲ್ಲಿ ಎಂತ ಅಕ್ಕ, ಹಂದಿ ಒಕ್ಕಿದ ಹಂಗಿದೆ?” ಎಂದು ಕೇಳಿದೆ.

“ಹಂದಿಯಲ್ಲ. ಯಜಮಾನ್ರು ಇಮಾನ ತಿರುಗ್ಸೋ ಜಾಗ ಅದು. ಮೊದ್ಲೆಲ್ಲ ಎಡಗಡೆಯಿಂದ ತಿರುಗ್ಸಿ ತರ್ತಿದ್ರು. ಈ ವರ್ಷ ಎಲ್ಲ ಬಲಗಡೆಯಿಂದ್ಲೇ. ಒಂದೇ ಕಡೆ ತಿರ್ಗಿ ತಿರ್ಗಿ ಹಂಗಾಗಿದೆ. ನಾನು ಎಷ್ಟು ಸಲ ಅಂತ ಜಲ್ಲಿ ಹಾಕ್ಲಿ?”

ನಾನು ನೀರಿನ ಚೊಂಬನ್ನು ಕೆಳಗಿಟ್ಟೆ. ಆಗ ನನಗೆ ಹೊಳೆದದ್ದು ಇಷ್ಟೇ: ನಾನು ಓಡಿಸಿದಾಗ ಒಮ್ಮೆಯೂ ಚಕ್ರ ನಡುಗಿರಲಿಲ್ಲ. ಯಜಮಾನರು ಓಡಿಸಿದಾಗಲೇ ನಡುಗುತ್ತಿತ್ತು. ಎಡ ಪೆಡಲಿಗೆ ಎಲ್ಲೋ ಏನೋ ಅಡ್ಡ ಸಿಕ್ಕಿಕೊಳ್ಳುತ್ತಿರಬೇಕು, ಅವರ ಕೂರುವ ಭಂಗಿಗೋ ಅವರ ಚಪ್ಪಲಿಗೋ. ಅವರನ್ನೇ ಕೂರಿಸಿ ನೋಡಬೇಕು.

ಗೊಬ್ಬರದ ಮೂಟೆ ಇಳಿಸಿ ಚಕ್ರವನ್ನು ನೆಲಕ್ಕೆ ತಂದೆ. ನೆಲಕ್ಕಲ್ಲ, ಗ್ರೀಸ್ ಬಳಿದ ಎರಡು ತಗಡಿನ ಮೇಲೆ. ಹಾಗಿಟ್ಟರೆ ವಿಮಾನದ ಭಾರ ಚಕ್ರದ ಮೇಲೆ ಇದ್ದೂ ಚಕ್ರ ತಿರುಗಬಲ್ಲದು. ಯಜಮಾನರಿಗೆ ಹೇಳಿ ಕಳಿಸಿದೆ. ಜೀಪಿನಲ್ಲಿ ಬಂದರು. ರೆಕ್ಕೆ ಹತ್ತಿ ಒಳಗೆ ಕೂರುವುದಕ್ಕೆ ಅವರಿಗೆ ತುಂಬ ಹೊತ್ತು ಹಿಡಿಯಿತು. ಕೈ ಕೊಡಲು ಹೋದೆ, “ಬಿಡು ಬಿಡು,” ಎಂದರು.

ನಾನು ಚಕ್ರದ ಮುಂದೆ ನೆಲದ ಮೇಲೆ ಅಂಗಾತ ಮಲಗಿದೆ.

“ಬಲಗಡೆ ಒತ್ತಿ ಸರ್, ಪೂರ್ತಿ.”

ಚಕ್ರ ಸರಕ್ಕನೆ ಕೊನೆಯವರೆಗೆ ತಿರುಗಿತು.

“ಈಗ ಎಡಗಡೆ.”

ಚಕ್ರ ನಿಧಾನವಾಗಿ ಹೊರಟು ನಡುವಿಗೆ ಬಂದು, ನಡು ದಾಟಿ ಎರಡು ಬೆರಳಿನಷ್ಟು ಸರಿದು ನಿಂತಿತು. ಅಲ್ಲಿ ಸಣ್ಣಗೆ ನಡುಗತೊಡಗಿತು.

“ಪೂರ್ತಿ ಒತ್ತಿ ಸರ್.”

“ಒತ್ತಿದ್ದೀನಲ್ಲ.”

“ಇನ್ನೂ ಬರ್ಬೇಕು.”

“ಅಷ್ಟೇ ಬರೋದು ಅದು. ನಿನ್ನ ರಾಡೇ ಸರಿ ಇಲ್ಲ.”

ಎದ್ದು ಬಂದೆ. ರಾಡು, ಕೀಲು, ಪೆಡಲ್‌ಗಳಿರುವ ಗೂಡು ಎಲ್ಲ ಟಾರ್ಚ್ ಬಿಟ್ಟು ನೋಡಿದೆ. ಎಲ್ಲೂ ಏನೂ ಉಜ್ಜುತ್ತಿರಲಿಲ್ಲ. ಅವರನ್ನು ಪಕ್ಕದ ಸೀಟಿಗೆ ಸರಿಸಿ ಅವರ ಜಾಗದಲ್ಲಿ ನಾನು ಕೂತು ಎಡ ಪೆಡಲ್ ಒತ್ತಿದೆ. ಪೂರ್ತಿ ಹೋಯಿತು, ಬೆಣ್ಣೆಯ ಹಾಗೆ. ಇನ್ನೊಮ್ಮೆ ಒತ್ತಿದೆ. ಮತ್ತೆ ಪೂರ್ತಿ ಹೋಯಿತು. ಪಕ್ಕಕ್ಕೆ ತಿರುಗಿದೆ. ಯಜಮಾನರು ತಮ್ಮ ಎಡ ತೊಡೆಯ ಮೇಲೆ ಕೈ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೈಯ ಕೆಳಗೆ ಪ್ಯಾಂಟಿನ ಬಟ್ಟೆ ಅಲ್ಲಲ್ಲಿ ಪುಟಿಯುತ್ತಿತ್ತು. ಒಳಗಿನ ಮಾಂಸ ತಾನಾಗಿಯೇ ಅದುರುತ್ತಿತ್ತು.

ಮೂರು ತಿಂಗಳು ನಾನು ಯಂತ್ರದಲ್ಲಿ ಹುಡುಕಿದ ದೋಷ ಅಲ್ಲಿತ್ತು.

“ಯಾವಾಗಿಂದ ಸರ್?” ಎಂದೆ.

ತೊಡೆಯನ್ನು ಅಂಗೈಯಿಂದ ಒತ್ತಿ ಹಿಡಿದರು. ಆಮೇಲೆ, “ಕೊಯ್ಲಿಗೆ ಮುಂಚಿಂದ,” ಎಂದರು. “ಮೊದ್ಲು ಬೆರಳು. ಆಮೇಲೆ ಪಾದ ಎತ್ತಕ್ಕಾಗ್ತಿರಲಿಲ್ಲ. ಈಗ ಕಾಲು ಹೇಳಿದ ಮಾತು ಕೇಳಲ್ಲ.”

“ಡಾಕ್ಟರ್ ಹತ್ರ ಹೋಗಿದ್ರಾ?”

“ಹೋದ್ರೆ ಎಂತ ಹೇಳ್ತಾರೆ ಅಂತ ನಂಗೆ ಗೊತ್ತು. ನಮ್ಮಪ್ಪನ ತಮ್ಮ ಹಿಂಗೇ ಹೋಗಿದ್ದು.”

“ಹೆಂಗೆ ಇಳಿಸ್ತಿದ್ರಿ ಇಷ್ಟು ದಿನ?”

ಆಗ ಅವರ ಮುಖದಲ್ಲಿ ಒಂದು ಕ್ಷಣ ಹುರುಪು ಬಂತು. “ಎಡಕ್ಕೆ ಬೇಕು ಅಂದ್ರೆ ಪವರ್ ಕೊಡ್ತೀನಿ. ಪವರ್ ಕೊಟ್ರೆ ಮೂಗು ಎಡಕ್ಕೆ ಎಳೆಯುತ್ತಲ್ಲ. ಬಲಕ್ಕೆ ಬೇಕಾದ್ರೆ ಬಲಗಾಲಿದೆ. ಮೇಲೇಳುವಾಗ ಬಲಗಾಲೇ ಸಾಕು. ಇಳಿಯುವಾಗ ಮಾತ್ರ ಸ್ವಲ್ಪ ಓರೆ ಆಗುತ್ತೆ. ಅಷ್ಟೇ ಮಾರಾಯ, ಬೇರೆ ಎಂತದೂ ಇಲ್ಲ.”

ಒಬ್ಬರೇ ಕೂತು ಇದನ್ನೆಲ್ಲ ಲೆಕ್ಕ ಹಾಕಿ, ಪ್ರತಿ ಇಳಿತದಲ್ಲೂ ಎಂಜಿನ್ನಿನ ಎಳೆತವನ್ನು ಕಾಲಿನ ಬದಲು ಬಳಸಿದ್ದರು. ಒಳ್ಳೆಯ ಪೈಲಟ್ ಮಾತ್ರ ಮಾಡಬಹುದಾದ ಕೆಲಸ ಅದು. ಬಲಗಡೆಯಿಂದ ಗಾಳಿ ಜೋರಾಗಿ ಬೀಸದ ದಿನಗಳಲ್ಲಿ ನಡೆಯುತ್ತದೆ. ಬಲಗಾಲಿನ ಒತ್ತಡ ಸ್ವಲ್ಪ ಹೆಚ್ಚಾದರೂ ಮೂಗನ್ನು ವಾಪಸ್ ತರಲು ಎಡಗಾಲಿಲ್ಲ. ಸ್ಟ್ರಿಪ್ಪಿನ ಬಲಕ್ಕೆ ಇಳಿಜಾರು, ಅದರ ಕೆಳಗೆ ಸಿಲ್ವರ್ ಓಕ್ ಮರಗಳು.

“ಸಹಿ ಹಾಕು,” ಎಂದರು. “ಬುಷ್ ಮತ್ತೆ ಸವೀಲಿ. ನಂಗೆ ಒಂದೇ ಸಲ ಸಾಕು. ಶನಿವಾರ. ಕುದುರೆಮುಖದ ಕಡೆ ಒಂದು ಸುತ್ತು ಹೋಗಿ ಬರ್ತೀನಿ, ಆಮೇಲೆ ಕೀ ನಿನ್ನ ಕೈಯಲ್ಲೇ ಕೊಡ್ತೀನಿ.”

“ಆಗಲ್ಲ ಸರ್.”

“ನಿನ್ನ ಸಹಿ ಮೆಷಿನ್ನಿಗೆ. ನಂಗಲ್ಲ. ಮೆಷಿನ್ ಸರಿ ಇದೆಯೋ ಇಲ್ವೋ ಹೇಳು.”

ಅವರು ಹೇಳಿದ್ದು ನಿಜ. ಚಾಲಕನ ಆರೋಗ್ಯ ನೋಡುವುದು ನನ್ನ ಕೆಲಸವಲ್ಲ. ಅವರ ವೈದ್ಯಕೀಯ ಪ್ರಮಾಣಪತ್ರಕ್ಕೆ ಇನ್ನೂ ಐದು ತಿಂಗಳ ಅವಧಿ ಇತ್ತು. ಬುಷ್‌ಗಳು ಸವೆಯಲು ಶುರುವಾಗಿದ್ದರೂ ಮಿತಿ ದಾಟಿರಲಿಲ್ಲ. ರಾಡಿನ ಕೀಲುಗಳೂ ದಾಟಿರಲಿಲ್ಲ. ಪುಸ್ತಕದ ಪ್ರಕಾರ ನಾನು ಸಹಿ ಹಾಕಬಹುದಿತ್ತು.

“ಒಬ್ಬ ಪೈಲಟ್ ಕರ್ಕೊಂಡು ಬರ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ,” ಎಂದೆ.

“ನನ್ನ ವಿಮಾನದಲ್ಲಿ ನಾನು ಪ್ಯಾಸೆಂಜರ್ರಾ?” ಎಂದು ಬಾಗಿಲು ತೆಗೆದರು. ಇಳಿಯುವಾಗ ರೆಕ್ಕೆಯ ಮೇಲೆ ಕಾಲು ಎಡವಿತು. ನಾನು ಹಿಡಿದುಕೊಂಡೆ. ನನ್ನ ಕೈಯನ್ನು ಕೊಡವಿ ಹಾಕಿ ಕುರ್ಚಿಯವರೆಗೆ ಒಬ್ಬರೇ ಹೋದರು.

ನಾನು ಮತ್ತೆ ಚಕ್ರದ ಕೆಳಗೆ ಮಲಗಿದೆ. ಮನಸ್ಸಿನಲ್ಲಿ ಏನೇನೋ ಬಂದುಹೋಯಿತು. ಸುಳ್ಳು ಬರೆಯಲಾರೆ, ಮಿತಿ ದಾಟಿದೆ ಎಂದು ಬರೆದರೆ ಅದು ಸುಳ್ಳು. ಸಹಿ ಹಾಕದೆ ಹೋದರೂ ಶನಿವಾರ ಇವರು ಶೆಡ್ಡಿನಿಂದ ವಿಮಾನ ಹೊರಗೆ ತೆಗೆಯದೆ ಇರುವವರಲ್ಲ. ಆ ಹುರುಪನ್ನು ನಾನು ಕಣ್ಣಾರೆ ನೋಡಿದ್ದೆ. ಹತ್ತು ನಿಮಿಷವಿರಬಹುದು, ಹಾಗೇ ಮಲಗಿದ್ದೆ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಎರಡೂ ರಾಡುಗಳ ನಟ್ ಬಿಚ್ಚಿದೆ. ರಾಡುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಟೂಲ್‌ಬಾಕ್ಸಿನಲ್ಲಿ ಇಟ್ಟೆ. ಲಾಗ್‌ಬುಕ್ಕಿನಲ್ಲಿ ಬರೆದೆ: ಮುಂದಿನ ಚಕ್ರದ ಸ್ಟಿಯರಿಂಗ್ ರಾಡುಗಳನ್ನು ತಪಾಸಣೆಗಾಗಿ ತೆಗೆಯಲಾಗಿದೆ, ಕೆಲಸ ಮುಗಿದಿಲ್ಲ, ವಿಮಾನ ಹಾರಾಟಕ್ಕೆ ಸಿದ್ಧವಿಲ್ಲ. ಅಷ್ಟೂ ನಿಜವೇ.

ಯಜಮಾನರು ಕುರ್ಚಿಯಿಂದಲೇ ನೋಡುತ್ತಿದ್ದರು.

“ನನ್ನ ಸಾಮಾನು ತಗೊಂಡು ಹೋಗ್ತಿದೀಯ.”

“ಹೌದು ಸರ್.”

“ಕಳ್ಳ ನೀನು.”

ನಾನು ಟೂಲ್‌ಬಾಕ್ಸನ್ನು ಬೈಕಿಗೆ ಕಟ್ಟಿದೆ. ಬೈಕ್ ಹತ್ತುವಾಗ ಹಿಂದಿನಿಂದ ಅವರ ದನಿ ಕೇಳಿತು. ಸಿಟ್ಟು ಇಳಿದಿತ್ತು. “ಮನೇಲಿ ಹೇಳ್ಬೇಡ ಮಾರಾಯ. ಅದೊಂದು ಮಾತು ನಡೆಸ್ಕೊಡು.”

ಅದನ್ನೂ ನಡೆಸಿಕೊಡಲಿಲ್ಲ. ನೇರ ಮನೆಯ ಕಡೆ ಬೈಕ್ ಬಿಟ್ಟೆ. ಅಮ್ಮ ಹಿಂದಿನ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಹಪ್ಪಳವನ್ನು ಚಾಪೆಯ ಮೇಲೆ ಹಾಕಿ, ಅದರ ಅಂಚು ಸರಿಮಾಡಿ, ಆಮೇಲೆ ನನ್ನ ಮುಖ ನೋಡಿದರು.

“ಅವ್ರ ಎಡಗಾಲಿನ ಚಪ್ಪಲಿ ನೋಡಿದೀಯಾ ನೀನು? ಮೂರು ತಿಂಗ್ಳಲ್ಲಿ ಎರಡು ಜೊತೆ ತಂದ್ರು. ಎಡಗಡೇದು ಮಾತ್ರ ಮುಂಭಾಗ ಸವೆದು ಹರಿಯುತ್ತೆ. ಎಳ್ಕೊಂಡು ನಡೀತಾರಲ್ಲ. ಕೇಳಿದ್ರೆ ಮಂಡಿ ಅಂತಾರೆ. ನಾನೂ ಮಂಡಿ ಅಂತ್ಲೇ ಅಂದ್ಕೊಂಡು ಇದ್ದೆ ಕಣಪ್ಪ. ಹಂಗೆ ಅಂದ್ಕೊಂಡ್ರೆ ನಿದ್ದೆ ಬರುತ್ತಲ್ಲ.”

ಮುಂದಿನ ವಾರ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ ಹೇಳುವ ಅವರ ಮಗಳು ಬಂದು ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನರದ ಕಾಯಿಲೆ ಎಂದರಂತೆ. ಮಿದುಳಿನ ಅಪ್ಪಣೆಯನ್ನು ಮಾಂಸಖಂಡಕ್ಕೆ ತಲುಪಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಕಾಲು, ಆಮೇಲೆ ಕೈ, ನಾಲಿಗೆ, ಕೊನೆಗೆ ಉಸಿರು. ವಾಸಿ ಮಾಡುವ ಔಷಧಿ ಇಲ್ಲ. ಮೂರು ತಿಂಗಳು ಮುಂಚೆ ಬಂದಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರೆಂದು ಮಗಳು ಫೋನಿನಲ್ಲಿ ತಿಳಿಸಿದಳು. ನನ್ನ ಸಮಾಧಾನಕ್ಕೆ ಅದನ್ನು ಎರಡು ಸಲ ಹೇಳಿದಳು.

ಜೂನಿನಿಂದ ದೀಪಾವಳಿಯವರೆಗೆ ನಾನು ವಾರಕ್ಕೊಮ್ಮೆ ಯಜಮಾನರಿಗೆ ಫೋನ್ ಮಾಡಿದೆ. ಒಮ್ಮೆಯೂ ಎತ್ತಲಿಲ್ಲ. ಫ್ಲೈಯಿಂಗ್ ಸ್ಕೂಲಿನಲ್ಲಿ ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಆ ರಾಡುಗಳಿದ್ದವು. ಬೇರೇನೋ ತೆಗೆಯಲು ಬಗ್ಗಿದಾಗೆಲ್ಲ ಕಣ್ಣಿಗೆ ಬೀಳುತ್ತಿದ್ದವು.

ನವೆಂಬರಿನಲ್ಲಿ ಅಮ್ಮನೇ ಕರೆದರು. “ಬಂದು ಹೋಗು. ಮಾತು ತೊದಲ್ತಾ ಇದೆ. ಪೂರ್ತಿ ನಿಲ್ಲೋಕೆ ಮುಂಚೆ ಬಾ.”

ಯಜಮಾನರು ಗಾಲಿಕುರ್ಚಿಯಲ್ಲಿ ಜಗಲಿಯ ಮೇಲೆ ಕೂತಿದ್ದರು. ಬಲಗೈ ಮಾತ್ರ ಆಡುತ್ತಿತ್ತು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಎದುರಿಗೆ ಕೂತೆ. ಎಸ್ಟೇಟಿನ ವಿಷಯ, ಹಣ್ಣಾಗುತ್ತಿದ್ದ ಕಾಫಿಯ ವಿಷಯ ಏನೋ ಮಾತಾಡಿದೆ. ಅವರು ಕೇಳಿಸಿಕೊಂಡರು. ಕೊನೆಗೆ ನಾಲಿಗೆಯನ್ನು ಕಷ್ಟದಿಂದ ಹೊರಳಿಸುತ್ತ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ಇಳಿಸ್ತಿದ್ದೆ ಕಣೋ ನಾನು.”

“ಇರ್ಬಹುದು ಸರ್.”

“ಇರ್ಬಹುದು ಅಲ್ಲ. ಇಳಿಸ್ತಿದ್ದೆ.”

“ಹೌದು ಸರ್.”

“ಒಂದು ಶನಿವಾರ,” ಎಂದರು. ಬಲಗೈಯ ತೋರುಬೆರಳನ್ನು ಎತ್ತಿ ತೋರಿಸಿದರು. “ಒಂದು. ನೀನು ತಗೊಂಡೆ.”

ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ನಾನು ಮಾಡಿದ್ದು ತಪ್ಪೆಂದು ನನಗೆ ಅನ್ನಿಸಿರಲಿಲ್ಲ. ತಪ್ಪೆನ್ನಿಸದೆ ಕ್ಷಮೆ ಕೇಳಿದರೆ ಅವರಿಗೆ ತಿಳಿಯುತ್ತದೆ. ಕೇಳಲಿಲ್ಲ. ಅಮ್ಮ ಕಾಫಿ ತಂದು, ನನಗೆ ಲೋಟದಲ್ಲಿ ಕೊಟ್ಟು, ಅವರಿಗೆ ಚಮಚದಲ್ಲಿ ಕುಡಿಸಿದರು. ನಾನು ಹೊರಡುವಾಗ ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಅವರು ಹೋದದ್ದು ಮುಂದಿನ ಆಷಾಢದಲ್ಲಿ. ಸ್ಕೂಲಿನಲ್ಲಿ ಪರೀಕ್ಷಾ ಹಾರಾಟಗಳಿದ್ದವು. ನಾನು ಬರುವ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು.

ಮಳೆ ನಿಂತ ಮೇಲೆ ವಿಮಾನವನ್ನು ಮಾರಿದರು. ಕೊಂಡವರು ಉತ್ತರದ ಕಡೆಯವರು. ಅದನ್ನು ಹಾರಿಸಿಕೊಂಡು ಹೋಗಲು ಒಬ್ಬ ಪೈಲಟ್ ಬರುವವನಿದ್ದ. ನಾನು ನಾಲ್ಕು ದಿನ ಮುಂಚೆ ಹೋಗಿ ಎಲ್ಲ ತಪಾಸಣೆ ಮಾಡಿದೆ. ಬುಷ್, ಟೈರ್ ಹೊಸದು ಹಾಕಿದೆ. ರಾಡಿನ ಕೀಲುಗಳನ್ನೂ ಬದಲಿಸಿದೆ. ಹಳೆಯವು ಮಿತಿಯೊಳಗೇ ಇದ್ದವು, ಆದರೂ ಬದಲಿಸಿದೆ. ರಾಡುಗಳನ್ನು ಮತ್ತೆ ಜೋಡಿಸಿ, ನೂಲು ಹಿಡಿದು ಚಕ್ರ ನೆಟ್ಟಗೆ ಮಾಡಿದೆ. ಬಂದ ಪೈಲಟ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ, “ವೆರಿ ಸ್ಮೂತ್,” ಎಂದ. ನಾನು ಸಹಿ ಹಾಕಿದೆ.

ಅಮ್ಮ ಜೀಪಿನಲ್ಲಿ ಸ್ಟ್ರಿಪ್ಪಿಗೆ ಬಂದಿದ್ದರು. ವಿಮಾನ ಎದ್ದು, ಒಂದು ಸುತ್ತು ಹಾಕಿ, ಚಿಕ್ಕಮಗಳೂರಿನ ಕಡೆಯ ಗುಡ್ಡ ದಾಟಿ ಮರೆಯಾಯಿತು. ಸದ್ದು ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ಸ್ಟ್ರಿಪ್ ನೋಡಿಕೊಳ್ಳುವವಳು, “ಇನ್ನು ಹುಲ್ಲು ಕೊಯ್ಯೋದು ಬೇಡ್ವಾ ಅಮ್ಮೋರೆ?” ಎಂದು ಕೇಳಿದಳು. “ಬೇಡ. ದನ ಬಿಟ್ಕೊಳ್ಳಿ,” ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. “ಅವತ್ತು ನೀನು ಸಹಿ ಹಾಕಿದ್ರೆ ಎಂತ ಆಗ್ತಿತ್ತು?”

“ಗೊತ್ತಿಲ್ಲಮ್ಮ. ಚೆನ್ನಾಗೇ ಇಳಿಸಿಬಿಡ್ತಿದ್ರೇನೋ. ಇಲ್ಲಾಂದ್ರೆ…”

“ಇಲ್ಲಾಂದ್ರೆ ಅಲ್ಲೇ ಹೋಗ್ತಿದ್ರು.” ಅವರ ದನಿಯಲ್ಲಿ ಏರಿಳಿತವಿರಲಿಲ್ಲ. “ಕೊನೇ ಆರು ತಿಂಗ್ಳು ಗಂಜಿ ನಾನೇ ಬಾಯಿಗೆ ಹಾಕ್ತಿದ್ದೆ. ನುಂಗಕ್ಕಾಗ್ದೆ ಅವ್ರ ಕಣ್ಣಲ್ಲಿ ನೀರು ಬರೋದು. ಆವಾಗೆಲ್ಲ ಅನ್ಸೋದು, ನೀನು ಅವತ್ತು ಸಹಿ ಹಾಕ್ಬೇಕಿತ್ತು ಅಂತ. ಹಂಗೆ ಅನ್ಸಿತಲ್ಲ ಅಂತ ಆಮೇಲೆ ಒಬ್ಳೇ ಅಳ್ತಿದ್ದೆ. ನಿಂಗೆ ಹೇಳ್ಬಾರ್ದು ಅಂತಿದ್ದೆ. ಇನ್ಯಾರಿಗೆ ಹೇಳ್ಲಿ?”

“ನಂಗೂ ಅನ್ಸಿದೆ ಅಮ್ಮ,” ಎಂದೆ. “ಎಷ್ಟೋ ಸಲ.”

ಅವರು ತಲೆಯಾಡಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡರು. “ಬಾ, ಊಟ ಮಾಡ್ಕೊಂಡು ಹೋಗುವಂತೆ.”

ಜೀಪನ್ನು ಮುಂದೆ ಕಳಿಸಿ ಇಬ್ಬರೂ ನಡೆದೇ ಇಳಿದೆವು. ಇಳಿಜಾರಿನ ನಡುವೆ ಒಂದು ಕಡೆ ಅವರು ನಿಂತು ಉಸಿರು ಸುಧಾರಿಸಿಕೊಂಡರು. ನಾನೂ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮೊದಲು ಹೆಜ್ಜೆ ಇಟ್ಟರು.